ಹೆಪ್ಪಿಲ್ಲದ ಮೊಸರು

ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಸ್ಟೀಲ್ ಬಟ್ಟಲಿದೆ. ಅದು ನಮ್ಮದಲ್ಲ. ಅದರ ಅಂಚಿಗೆ ಚುಕ್ಕಿ ಚುಕ್ಕಿಯಾಗಿ, ತೆಲುಗಿನಲ್ಲಿ, ಸುಜಾತ ಅಂತ ಹೆಸರು ಕೊರೆದಿದೆ. ನನ್ನ ಹೆಸರು ಗಿರಿಜಾ. ನಮ್ಮ ಯಜಮಾನರು ಚಹಾಕ್ಕೆ ಅಂತ ಒಳಗೆ ಬಂದಾಗಲೆಲ್ಲ ಅದನ್ನೊಮ್ಮೆ ನೋಡಿ, "ಯಾರ್ದೋ ಬಟ್ಟಲ ತಂದು ಇಟ್ಕೊಂಡೀಯಲ್ಲ, ಯಾವಾಗ ಕೊಡ್ತಿ?" ಅನ್ನುತ್ತಾರೆ. "ಖಾಲಿ ಹ್ಯಾಂಗ ಕೊಡ್ಲಿ?" ಅನ್ನುತ್ತೇನೆ ನಾನು. ಅಲ್ಲಿಗೆ ಮಾತು ಮುಗಿಯುತ್ತದೆ, ಬಟ್ಟಲು ಅಲ್ಲೇ ಇರುತ್ತದೆ. ನಿಮ್ಮ ಮನೆಯಲ್ಲೂ ಇಂಥದೊಂದು ಇದ್ದೇ ಇರುತ್ತದೆ, ಇಲ್ಲ ಅನ್ನಬೇಡಿ. ಡಬ್ಬಿಗಳ ಹಿಂದಿನ ಸಾಲಿನಲ್ಲಿ ಕೈಯಾಡಿಸಿ ನೋಡಿ, ಸಿಗುತ್ತದೆ.

ನಾನು ಜಹೀರಾಬಾದಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವಳು. ಲ್ಯಾಬಿನಲ್ಲಿ ಹುಡುಗಿಯರು, "ಮೇಡಂ, ಇದು ನಾಟ್ ಫೌಂಡ್ ಅಂತದ" ಅಂತ ಅಳುಮೋರೆ ಹಾಕಿಕೊಂಡು ಕರೆದರೆ ನನಗೆ ಈ ಬಟ್ಟಲು ನೆನಪಾಗಿ ನಗು ಬರುತ್ತದೆ. ಮೇಡಂ ಎಷ್ಟು ಶಾಂತ ಸ್ವಭಾವದವರು ಅಂತ ಪಾಪ ಅವರು ತಿಳಿದುಕೊಂಡಿದ್ದಾರೆ. ನನ್ನ ಶಾಂತ ಸ್ವಭಾವ ಎಂಥದು ಅಂತ ತಾಂಡೂರಿನ ಒಂದು ಕಲ್ಲಿನ ಶೆಡ್ಡನ್ನು ಕೇಳಬೇಕು.

ನಾನು ಹುಟ್ಟಿದ್ದು ನಾರಾಯಣಖೇಡದಲ್ಲಿ. ಆದರೆ ಬುದ್ಧಿ ಅಂತ ಏನಾದರೂ ಬಂದಿದ್ದರೆ ಅದು ಬಂದದ್ದು ತಾಂಡೂರಿನಲ್ಲಿ, ಬೇಸಿಗೆ ರಜೆಗಳಲ್ಲಿ, ನಮ್ಮ ಅತ್ತಿಯ ಮನೆಯಲ್ಲಿ. ಅತ್ತಿ ಅಂದರೆ ಅಪ್ಪನ ಅಕ್ಕ, ಶಾಂತವ್ವ. ಮಾಮಾ ರೈಲ್ವೆಯಲ್ಲಿ ಗುಮಾಸ್ತರಾಗಿದ್ದರು. ಆಗ ಅವರಿದ್ದದ್ದು ಒಂದು ಹಳೆಯ ವಾಡೆಯಲ್ಲಿ. ನಡುವೆ ಫರಸಿ ಕಲ್ಲು ಹಾಸಿದ ಅಂಗಳ, ಸುತ್ತ ಬಾಡಿಗೆಯ ಮನೆಗಳು. ಒಂದು ಮನೆಯವರದು ತೆಲುಗು, ಒಂದು ಮನೆಯವರದು ಮರಾಠಿ, ಒಂದು ಮನೆಯವರದು ಉರ್ದು, ನಮ್ಮದು ಕನ್ನಡ. ನಳದ ಹತ್ತಿರ ಜಗಳ ಶುರುವಾದರೆ ಮಾತ್ರ ಯಾರ ಭಾಷೆ ಯಾವುದು ಅಂತ ಗುರುತು ಸಿಗುತ್ತಿರಲಿಲ್ಲ.

ಆ ವಾಡೆಯಲ್ಲಿ ನನ್ನ ಕೆಲಸ ಓಡುವುದು. ಅತ್ತಿಗೆ ಒಂದು ಅಭ್ಯಾಸವಿತ್ತು: ಒಲೆಯ ಮೇಲೆ ಬೇಳೆ ಇಟ್ಟ ಮೇಲೆಯೇ ಮನೆಯಲ್ಲಿ ಏನೇನಿಲ್ಲ ಅಂತ ನೋಡುವುದು. "ಗಿರಿಜಾ, ಹೋಳಿಗಿಗಿ ಬೆಲ್ಲ ಸಾಲಂಗಿಲ್ಲ, ಕಾಕುನ ಮನಿಗಿ ಹೋಗಿ ಒಂದೀಟು ತೊಗೊಂಬಾ." ಮರಾಠಿ ಕಾಕು ಬೆಲ್ಲ ಕೊಡಲು ಸದಾ ತಯಾರು. "ಕೊಡ್ತೀನಿ, ಆದ್ರ ನಮ್ಮ ಡಬ್ಬಿ ನಿಮ್ಮನ್ಯಾಗೇ ಅದ, ಅದನ್ನ ತಾ." ವಾಪಸ್ ಓಡಿಬಂದರೆ ಅತ್ತಿ, "ಯವ್ವಾ! ಖಾಲಿ ಡಬ್ಬಿ ಕೊಡ್ತಾರೇನ? ಹುರದ ಶೇಂಗಾ ಹಾಕಿ ಕೊಡಮು ತಡಿ. ಕಡಾಯಿ ಬೀಬಿ ಮನ್ಯಾಗದ, ಓಡು." ಬೀಬಿ ಅಂದರೆ ಉರ್ದು ಮನೆಯವಳು; ಅವಳ ಮನೆಯಲ್ಲಿ ಕಡಾಯಿಯಲ್ಲಿ ಏನೋ ಬೇಯುತ್ತಿರುತ್ತಿತ್ತು. ಅದು ಬೆಂದು, ತೊಳೆದು, ನಾನು ತಂದು, ಶೇಂಗಾ ಹುರಿದು, ಡಬ್ಬಿಗೆ ಹಾಕಿ, ಕಾಕುವಿನ ಕೈಗಿತ್ತು, ಬೆಲ್ಲ ಹಿಡಿದು ಬರುವ ಹೊತ್ತಿಗೆ ಒಲೆಯ ಮೇಲಿನ ಬೇಳೆ ಗಂಜಿಯಾಗಿರುತ್ತಿತ್ತು. ಆವತ್ತು ಹೋಳಿಗೆಯ ಬದಲು ಕಟ್ಟಿನ ಸಾರು. ಆದರೂ ಆ ಮನೆಗಳಲ್ಲಿ ಒಂದು ಬಟ್ಟಲೂ ಖಾಲಿ ತಿರುಗಲಿಲ್ಲ. ಏನೂ ಇಲ್ಲದ ದಿನ ಅತ್ತಿ ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿ ಕಳಿಸುತ್ತಿದ್ದಳು.

ಕಾಲೇಜಿನಲ್ಲಿ ನಾನು ಹೇಳಿಕೊಡುವ ಡಿಪೆಂಡೆನ್ಸಿ ಎಂಬ ಪಾಠ ಇಷ್ಟೇ. ಒಂದು ತಂತ್ರಾಂಶ ನಡೆಯಬೇಕಾದರೆ ಅದಕ್ಕೆ ಇನ್ನೊಂದು ಬೇಕು, ಅದಕ್ಕೆ ಮತ್ತೊಂದು. ಪುಸ್ತಕದಲ್ಲಿ ಅದಕ್ಕೆ ದೊಡ್ಡ ಚಿತ್ರ ಬರೆದು ಬಾಣ ಹಾಕಿರುತ್ತಾರೆ. ನನಗೆ ಆ ಬಾಣಗಳಲ್ಲೆಲ್ಲ ಲಂಗ ಎತ್ತಿ ಹಿಡಿದು ಓಡುವ ನಾನೇ ಕಾಣುತ್ತೇನೆ.

ಇರಲಿ. ಹೋದ ವರ್ಷ ಅತ್ತಿ, ಮಾಮಾ ಸ್ವಂತ ಮನೆ ಕಟ್ಟಿಸಿದರು. ಇಷ್ಟು ವರ್ಷ ಬಾಡಿಗೆಯ ವಾಡೆಯಲ್ಲಿದ್ದವರು ಊರಿನ ಅಂಚಿನ ಹೊಸ ಓಣಿಗೆ ಹೋಗುವುದೆಂದಾಗ ನಾವೆಲ್ಲ ಹಿಗ್ಗಿದೆವು. ಹಿಗ್ಗದವಳು ಅತ್ತಿ ಒಬ್ಬಳೇ. ಮನೆ ನೋಡಲು ಹೋದಾಗ ಹೊಸ ಬಾಗಿಲ ಚೌಕಟ್ಟು ಹಿಡಿದು ನಿಂತು ಓಣಿಯನ್ನೇ ನೋಡುತ್ತಿದ್ದಳು. ಎಲ್ಲಾ ಮನೆಗಳ ಬಾಗಿಲೂ ಮುಚ್ಚಿದ್ದವು.

"ಯಾಕತ್ತಿ, ಮನಿ ಪಸಂದ್ ಬರಲಿಲ್ಲೇನ?"

"ಮನಿ ಛಲೋ ಅದವ್ವ. ಮೊಣಕಾಲು ನೋಡು ನಂದು. ಕುಂತ್ರ ಏಳಾಕಾಗಲ್ಲ, ಎದ್ರ ಕೂಡಾಕಾಗಲ್ಲ. ಬಾಗ್ಲಾಗ ರಂಗೋಲಿ ಯಾರ್ ಹಾಕಬೇಕು?"

ಕೆಲಸದವಳ ಕೈಯಲ್ಲಿ ಹಾಕಿಸು ಅಂದೆ. ಅಂಗಡಿಯಲ್ಲಿ ಸ್ಟಿಕರ್ ಸಿಗುತ್ತದೆ ಅಂದೆ. ಸ್ಟಿಕರ್ ಅಂದಾಗ ಅವಳು ನನ್ನನ್ನು ನೋಡಿದ ನೋಟ ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ.

"ಹುಚ್ಚಿ! ರಂಗೋಲಿ ಇಲ್ಲದ ಬಾಗ್ಲ ಕಂಡ್ರ ಮಂದಿ ಏನಂತಾರ? ಮನ್ಯಾಗ ಏನೋ ಕೆಟ್ಟದ್ದಾಗ್ಯಾದ, ಸೂತಕ ಅದ ಅಂತ ತಿಳದು ಸುಮ್ನ ಹೋಗ್ತಾರ. ಇಲ್ಲಿ ನನಗ ಒಬ್ರೂ ಗೊತ್ತಿಲ್ಲ. ನಾ ಹೋಗಾಕ ಕಾಲಿಲ್ಲ, ಅವರು ಬರಾಕ ರಂಗೋಲಿ ಇಲ್ಲ. ಒಂದು ಬಟ್ಟಲ ಸಕ್ರಿ ಕೇಳಾಕಾದ್ರೂ ಯಾರರ ಬರಬೇಕಿಲ್ಲೇನ ಗಿರಿಜಾ?"

ಅವಳು ಮತ್ತೆ ಆ ಮುಚ್ಚಿದ ಬಾಗಿಲುಗಳ ಕಡೆ ತಿರುಗಿದಳು. ಅದನ್ನು ನೋಡಿದ ಭರದಲ್ಲಿ, ಮುಂದಾಲೋಚನೆ ಅನ್ನುವುದು ನನ್ನ ಜಾತಕದಲ್ಲೇ ಇಲ್ಲವಲ್ಲ, ಅಂದುಬಿಟ್ಟೆ: "ಫಿಕರ್ ಮಾಡಬ್ಯಾಡ. ನೀ ಹಾಕೂ ರಂಗೋಲಿನೇ ಬಾಗ್ಲ ಮುಂದಿನ ಫರಸಿ ಮ್ಯಾಗ ಕೊರಿಸ್ತೀನಿ. ಮಷೀನ್ಲೇ. ವಾಸ್ತು ಶಾಂತಿಗಿ ತಯಾರ್ ಇರ್ತದ."

ಮಷೀನು ಇದ್ದದ್ದು ರಫೀಕನ ಶೆಡ್ಡಿನಲ್ಲಿ. ರಫೀಕ ಅಂದರೆ ಅದೇ ಕಡಾಯಿಯ ಬೀಬಿಯ ಮಗ. ನನಗಿಂತ ಚಿಕ್ಕವನು, ಈಗ ಕಲ್ಲಿಗೆ ಪಾಲಿಶ್ ಹಾಕುವ ಶೆಡ್ಡಿನ ಮಾಲಕ. ಅವನ ಹತ್ತಿರ ಕಂಪ್ಯೂಟರ್ ಹೇಳಿದಂತೆ ಕಲ್ಲಿನ ಮೇಲೆ ಚಿತ್ರ ಕೊರೆಯುವ ಯಂತ್ರವೊಂದಿದೆ ಅಂತ ನನಗೆ ಗೊತ್ತಿತ್ತು. ಗೊತ್ತಿರದಿದ್ದದ್ದು, ಅದರ ಕಂಪ್ಯೂಟರ್ ಮಳೆಗಾಲದಲ್ಲೇ ಕಣ್ಣುಮುಚ್ಚಿತ್ತು ಎಂಬುದು.

"ಹೌ ಆಪಾ, ಮಷೀನ್ ಬರೋಬರಿ ಅದ. ಅದರ ದಿಮಾಗೇ ಖರಾಬ್ ಆಗ್ಯಾದ" ಅಂದ ರಫೀಕ. ಬೇರೆ ಡಿಸ್ಕ್ ಹಾಕಿಸಿದ್ದ, ಆದರೆ ಯಂತ್ರ ನಡೆಸುವ ತಂತ್ರಾಂಶ ಹೋಗಿಬಿಟ್ಟಿತ್ತು. ಕಂಪ್ಯೂಟರ್ ಎಷ್ಟು ಹಳೆಯದೆಂದರೆ ಅದಕ್ಕೆ ಹೊಂದುವ ಸಿದ್ಧ ತಂತ್ರಾಂಶವನ್ನು ಇಂಟರ್ನೆಟ್ಟಿನಲ್ಲಿ ಇಡುವವರೇ ಬಾಗಿಲು ಹಾಕಿಕೊಂಡು ಹೋಗಿದ್ದರು. ಉಳಿದದ್ದು ಸೋರ್ಸ್ ಕೋಡ್.

ಇದನ್ನು ನಿಮಗೆ ಹೇಗೆ ಹೇಳಲಿ? ಸಿದ್ಧ ತಂತ್ರಾಂಶವೆಂದರೆ ಖಾನಾವಳಿಯ ರೊಟ್ಟಿ. ತಂದರೆ ಆಯಿತು, ತಿಂದರೆ ಆಯಿತು. ಸೋರ್ಸ್ ಕೋಡ್ ಅಂದರೆ ಜೋಳದ ತೆನೆ. ಬಡಿದು, ಕೇರಿ, ಬೀಸಿ, ನಾದಿ, ಬಡಿದು, ಬೇಯಿಸಿಕೊಳ್ಳುವುದು ನಿಮ್ಮ ಹಣೆಬರಹ. ಅದಕ್ಕೆ ಕಂಪೈಲ್ ಮಾಡುವುದು ಅನ್ನುತ್ತಾರೆ. ವಾಸ್ತು ಶಾಂತಿ ಸೋಮವಾರ. ನಾನು ಶುಕ್ರವಾರ ರಜೆ ಹಾಕಿ, ಲ್ಯಾಪ್‌ಟಾಪು, ಅತ್ತಿ ಕುರ್ಚಿಯಲ್ಲಿ ಕೂತು ದೊಡ್ಡ ಕಾಗದದ ಮೇಲೆ ಬರೆದುಕೊಟ್ಟಿದ್ದ ರಂಗೋಲಿ, ಇಷ್ಟನ್ನು ಹಿಡಿದು ಶೆಡ್ಡಿಗೆ ಹೋದೆ. ಮಧ್ಯಾಹ್ನದ ಊಟದೊಳಗೆ ಮುಗಿಸಿ ಅತ್ತಿಯ ಹತ್ತಿರ ಶಾಬಾಶ್ ಅನ್ನಿಸಿಕೊಳ್ಳುವ ಯೋಜನೆ.

ಕಂಪ್ಯೂಟರ್ ಒಂದು ಲೈಬ್ರರಿಯ ಹೆಸರು ಹೇಳಿ, ಅದು ಸಿಗಲಿಲ್ಲ ಅಂದಿತು. ತಂದುಕೊಟ್ಟೆ. ಲೈಬ್ರರಿ ಅಂದರೆ ಪುಸ್ತಕದ್ದಲ್ಲ ಮತ್ತೆ; ಯಾರೋ ಪುಣ್ಯಾತ್ಮರು ಬರೆದಿಟ್ಟ, ಎಲ್ಲರೂ ಎರವಲು ತಂದು ಬಳಸುವ ಕೋಡು. ಅದಕ್ಕೆ ಇನ್ನೊಂದು ಬೇಕಿತ್ತು. ಅದನ್ನೂ ತಂದೆ. ಮತ್ತೊಂದು. ಮೊಬೈಲಿನ ನೆಟ್ಟಿನಿಂದ ಒಂದೊಂದನ್ನೂ ಇಳಿಸಿಕೊಳ್ಳುವಷ್ಟರಲ್ಲಿ ಪಕ್ಕದಲ್ಲಿ ಗರಗಸ ಶುರುವಾಗಿ ಕಲ್ಲಿನ ಧೂಳು ನನ್ನ ತಲೆಯ ಮೇಲೆ ಕೂತಿತು. ಸಂಜೆಗೆ ಕನ್ನಡಿ ನೋಡಿಕೊಂಡರೆ ನನಗೇ ನಮ್ಮ ಅಜ್ಜಿ ಕಂಡಳು.

ಶನಿವಾರ ಒಂದು ಲೈಬ್ರರಿ ಕಣ್ಣೆದುರಿಗೇ ಇದ್ದರೂ ಕಂಪ್ಯೂಟರ್ ಇಲ್ಲ ಇಲ್ಲ ಅಂತ ಹಟ ಹಿಡಿಯಿತು. "ಅಲ್ಲೇ ಅದಲ್ಲೋ ಕುರುಡ! ಕಣ್ಣಾಗೇನು ಕಲ್ಲಿನ ಪುಡಿ ಹೊಕ್ಕಾದೇನ?" ಅಂತ ನಾನು ಪರದೆಗೆ ಬೈದದ್ದು ಗರಗಸದ ಸದ್ದನ್ನೂ ಮೀರಿ ಕೇಳಿತಂತೆ. ಆಮೇಲೆ ತಿಳಿಯಿತು: ಲೈಬ್ರರಿ ಇತ್ತು, ಆದರೆ ಅದರಲ್ಲಿ ಏನೇನಿದೆ ಅಂತ ಕಂಪೈಲರಿಗೆ ಹೇಳುವ ಹೆಡರ್ ಕಡತಗಳನ್ನು ನಾನು ಹಾಕಿರಲಿಲ್ಲ. ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು, ಅಡಿಗೆರೆ ಎಳೆದು, "ಇದನ್ನು ಮರೆಯುವವರು ದಡ್ಡರು" ಅಂತ ನಾನು ಹೇಳುವ ಮಾತು ಅದು. ಇನ್ನೊಂದು ಕಡೆ, ಎಲ್ಲಕ್ಕಿಂತ ಹೊಸ ಆವೃತ್ತಿಯೇ ಒಳ್ಳೆಯದೆಂದು ತಂದು ಸುರಿದೆ. ಹಳೆಯ ತಂತ್ರಾಂಶಕ್ಕೆ ಅದು ಒಗ್ಗಲಿಲ್ಲ. ಹೊಸ ಅಕ್ಕಿ ತಂದು ಹಳೆಯ ಅಳತೆಯಲ್ಲಿ ನೀರು ಹಾಕಿದರೆ ಅನ್ನ ಮುದ್ದೆಯಾಗುತ್ತದೆಂದು ಗೊತ್ತಿದ್ದವಳಿಗೆ ಇದು ಹೊಳೆಯಬಾರದೇ? ಮತ್ತೆ ಹಳೆಯದನ್ನೇ ಹುಡುಕಿ ತಂದೆ.

ಭಾನುವಾರ ಬೆಳಿಗ್ಗೆ ಎರಡೇ ಎರಡು ಉಳಿದವು. ಒಂದು, ಪರದೆಯ ಮೇಲೆ ಅಕ್ಷರ ಬಿಡಿಸುವ ಲೈಬ್ರರಿ. ಇನ್ನೊಂದು, ಆ ಅಕ್ಷರಗಳನ್ನು ಒತ್ತು ಗುಣಿತ ಸರಿಯಾಗಿ ಕೂಡಿಸುವ ಲೈಬ್ರರಿ. ಗೆದ್ದೆ ಅಂತ ರಫೀಕನಿಗೆ ಚಹಾ ತರಿಸಲು ಹೇಳಿದೆ. ಮೊದಲನೆಯದನ್ನು ಕಂಪೈಲ್ ಮಾಡಲು ಹೋದರೆ, ಎರಡನೆಯದು ಎಲ್ಲಿ ಅಂದಿತು. ಸರಿ, ಎರಡನೆಯದನ್ನು ಹಿಡಿದೆ. ಅದು, ಮೊದಲನೆಯದು ಎಲ್ಲಿ ಅಂದಿತು.

ಚಹಾ ಆರಿಹೋಯಿತು. ಹುಚ್ಚು ಬಿಡುವ ತನಕ ಮದುವೆಯಾಗುವುದಿಲ್ಲ, ಮದುವೆಯಾಗುವ ತನಕ ಹುಚ್ಚು ಬಿಡುವುದಿಲ್ಲ ಅಂತ ನಮ್ಮಲ್ಲಿ ಒಂದು ಗಾದೆಯಿದೆಯಲ್ಲ, ಅದನ್ನು ಮಾಡಿದವರು ಖಂಡಿತ ಸೋರ್ಸ್ ಕೋಡಿನ ಸಹವಾಸ ಮಾಡಿದವರು. ರಫೀಕ ಬಗ್ಗಿ ನೋಡಿ, "ಆಪಾ, ನಾಳಿಗಿ ಸಾದಾ ಕಲ್ಲೇ ಹಾಕಮೇನ್ರಿ? ಖಾಲಾಗ ನಾ ಹೇಳ್ತೀನಿ" ಅಂದ, ನೋವಾಗದಂತೆ, ಮೆಲ್ಲಗೆ. ಖಾಲಾ ಅಂದರೆ ಅವನಿಗೆ ನಮ್ಮ ಅತ್ತಿ. ನನಗೆ ಅಳುವೇ ಬಂತು. ಅತ್ತಿ ಚೌಕಟ್ಟು ಹಿಡಿದು ಮುಚ್ಚಿದ ಬಾಗಿಲುಗಳನ್ನು ನೋಡುತ್ತಿದ್ದದ್ದು ಕಣ್ಣಿಗೆ ಕಟ್ಟಿತು.

ಅಷ್ಟರಲ್ಲಿ ಅವಳೇ ಆಟೋದಿಂದ ಇಳಿದಳು, ಊಟದ ಡಬ್ಬಿ ಹಿಡಿದು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಅಂದರೆ ಚಟ್ನಿಪುಡಿ, ಮೊಸರು. ಕಲ್ಲು ಆಯಿತೇ ಅಂತ ಕೇಳಲೂ ಇಲ್ಲ. ನನ್ನ ಮುಖ ನೋಡಿಯೇ ತಿಳಿದಿರಬೇಕು. ನಾನು ಉಣ್ಣುತ್ತಿದ್ದಾಗ ಸುಮ್ಮನೆ ತನ್ನ ಪಾಡಿಗೆ ಮಾತಾಡತೊಡಗಿದಳು.

"ಮೊಸರು ಪೂರಾ ಉಂಡುಬಿಡವ್ವ, ಹಳೇ ಮನ್ಯಾಗಿಂದು ಇದೇ ಕಡೀದು. ಪಾತೇಲಿ ತೊಳದು ಗಂಟು ಕಟ್ಟೀನಿ. ನಾಳಿಗಿ ಹೊಸ ಮನ್ಯಾಗ ಹಾಲು ಉಕ್ಕಸ್ತೀವಿ, ಹೆಪ್ಪು ಎಲ್ಲಿಂದ ತರ್ಲಿ ಹೇಳು?"

"ಒಂದೀಟು ಹೆಪ್ಪಿಗಿ ಇಟ್ಕೋಬೇಕಿಲ್ಲೇನತ್ತಿ, ಪೂರಾ ನನಗ ಯಾಕ ತಂದಿ?"

"ನೀ ಮೂರು ದಿನ ಇಲ್ಲಿ ಧೂಳು ತಿನ್ಲಾಕತ್ತೀ, ನಿನಗ ಕಡಿಮಿ ಮಾಡ್ಲೇನ? ಇರ್ಲಿ ಬಿಡು, ಮೆಣಸಿನಕಾಯಿ ತೊಟ್ಟಿಗಂತೂ ಬರ ಇಲ್ಲ."

ಮೆಣಸಿನಕಾಯಿ ತೊಟ್ಟು! ನನ್ನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ವಾಡೆಯ ಒಂದು ಬೇಸಿಗೆ ಕಣ್ಣ ಮುಂದೆ ಬಂತು. ಯಾರದೋ ಮದುವೆಗೆ ವಾಡೆಗೆ ವಾಡೆಯೇ ಹೋಗಿ ಬಂದಿತ್ತು, ಯಾವ ಮನೆಯಲ್ಲೂ ಮೊಸರಿರಲಿಲ್ಲ. ನಾನು ಬಟ್ಟಲು ಹಿಡಿದು ಹೆಪ್ಪಿಗೆ ಕಾಕುವಿನ ಮನೆಗೆ ಹೋದರೆ ಕಾಕು ಬೀಬಿಯನ್ನು ಕೇಳು ಅಂದಳು, ಬೀಬಿ ನಿಮ್ಮ ಅತ್ತಿಯಿಂದಲೇ ತಾ ಅಂದಳು. ಹೆಪ್ಪಿಲ್ಲದೆ ಮೊಸರಿಲ್ಲ, ಮೊಸರಿಲ್ಲದೆ ಹೆಪ್ಪಿಲ್ಲ. ಅತ್ತಿ ಆವತ್ತು ಒಣಮೆಣಸಿನಕಾಯಿಯ ತೊಟ್ಟು ಮುರಿದು ಬೆಚ್ಚಗಿನ ಹಾಲಿನಲ್ಲಿ ಹಾಕಿ ಮುಚ್ಚಿಟ್ಟಳು. ಮರುದಿನ ಅದು ಮೊಸರೂ ಅಲ್ಲ, ಹಾಲೂ ಅಲ್ಲ, ಲೊಳಲೊಳ. ನಾನು ಮೂಗು ಮುರಿದೆ. "ಇದು ಉಣ್ಣಾಕಲ್ಲ, ಹೆಪ್ಪಿಗಿ" ಅಂದಿದ್ದಳು. ಅದನ್ನೇ ಹೊಸ ಹಾಲಿಗೆ ಹಾಕಿದಳು. ಮೂರನೆಯ ದಿನ ವಾಡೆಯವರೆಲ್ಲ ಬಟ್ಟಲು ಹಿಡಿದು ನಮ್ಮ ಬಾಗಿಲಿಗೆ ಬಂದರು.

"ರಫೀಕ್! ಕರೆಂಟ್ ಹೋಗಂಗಿಲ್ಲಲ್ಲೋ?" ಅಂತ ಕೂಗಿದೆ. ಎಂಜಲು ಕೈ ಕುಪ್ಪಸಕ್ಕೆ ಒರೆಸಿಕೊಂಡೆನೋ ತೊಳೆದೆನೋ ನೆನಪಿಲ್ಲ. ಮೊದಲನೆಯ ಲೈಬ್ರರಿಗೆ, ಎರಡನೆಯದು ಇಲ್ಲದೆಯೇ ಆಗು ಅಂದೆ. ಹಾಗೆ ಹೇಳಲಿಕ್ಕೆ ಒಂದು ಆಯ್ಕೆ ಇದ್ದೇ ಇರುತ್ತದೆ, ಗಾಬರಿಯಲ್ಲಿ ಕಣ್ಣಿಗೆ ಬೀಳುವುದಿಲ್ಲ. ಅದು ಅರೆಬರೆಯಾಗಿ ಆಯಿತು, ಲೊಳಲೊಳ. ಆ ಅರೆಬರೆಯದನ್ನು ತೋರಿಸಿ ಎರಡನೆಯದನ್ನು ಕಂಪೈಲ್ ಮಾಡಿದೆ. ಆಯಿತು! ಎರಡನೆಯದು ಬಂದ ಮೇಲೆ ಮೊದಲನೆಯದನ್ನು ಅಳಿಸಿ, ಮತ್ತೆ, ಸರಿಯಾಗಿ. ಗಟ್ಟಿ ಮೊಸರು. ಕೊನೆಗೆ ಮುಖ್ಯ ತಂತ್ರಾಂಶ. ಪರದೆಯ ಮೇಲೆ ಸಾಲು ಸಾಲು ಅಕ್ಷರ ಓಡುವಾಗ ಅತ್ತಿ ಸ್ಟೂಲಿನ ಮೇಲೆ ಕೂತು, "ಏನವ್ವ ಇದು, ಇರುವಿ ಹರದಂಗ" ಅಂತ ನೋಡುತ್ತಿದ್ದಳು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಇರುವೆ ನಿಂತವು. ತಪ್ಪು ಅಂತ ಒಂದೂ ಸಾಲಿಲ್ಲ.

ಅತ್ತಿಯ ಕಾಗದದ ಫೋಟೋ ಹಿಡಿದು ಲ್ಯಾಪ್‌ಟಾಪಿನಲ್ಲಿ ಮೊದಲೇ ಮಾಡಿಟ್ಟಿದ್ದ ಗೆರೆಚಿತ್ರವನ್ನು ಅದಕ್ಕೆ ಕೊಟ್ಟೆ; ಯಂತ್ರ ಗುರ್ ಅಂತ ಎದ್ದಿತು. ನೀಲಿ ಫರಸಿಯ ಮೇಲೆ ನೀರು ಬಿಟ್ಟುಕೊಂಡು, ಕಲ್ಲಿನ ಹಾಲು ಹರಿಸುತ್ತ, ನಾಲ್ಕು ಮೂಲೆಗೆ ನಾಲ್ಕು ತಾವರೆ, ನಡುವೆ ಸುತ್ತಿ ಬರುವ ಬಳ್ಳಿ, ಅತ್ತಿ ಬರೆದ ಹಾಗೆಯೇ ಕೊರೆಯಿತು. ರಫೀಕ ನನ್ನ ಲ್ಯಾಪ್‌ಟಾಪಿಗೆ ದೃಷ್ಟಿ ತೆಗೆದ. ಒಂದು ಎಸಳು ಮಾತ್ರ ತುಸು ಸೊಟ್ಟಗೆ ಬಂದಿತ್ತು. "ಇದು ಯಾಕ ಸೊಟ್ಟ?" ಅಂದ. ಅತ್ತಿ ನೀರು ಒರೆಸಿ, ಆ ಎಸಳಿನ ಮೇಲೆ ಬೆರಳಾಡಿಸಿದಳು. "ಇರ್ಲಿ ಬಿಡಪ್ಪ. ಇದು ನಂದೇ ಕೈ" ಅಂದಳು. ಅವಳ ಕಣ್ಣು ಒದ್ದೆಯಾದವು, ನನ್ನವೂ. ಧೂಳಿನ ನೆಪ ಇತ್ತು, ಪುಣ್ಯಕ್ಕೆ.

ವಾಸ್ತು ಶಾಂತಿಗೆ ಬಂದವರೆಲ್ಲ ನಮ್ಮ ಕಡೆಯವರೇ. ಉಂಡರು, ಹೊಗಳಿದರು, ಹೋದರು. ಓಣಿಯ ಬಾಗಿಲುಗಳು ಮುಚ್ಚಿಯೇ ಇದ್ದವು. ಅತ್ತಿ ಉಳಿದ ಹಾಲಿಗೆ ಮೆಣಸಿನಕಾಯಿ ತೊಟ್ಟು ಹಾಕಿ ಮಲಗಿದಳು. ಮಂಗಳವಾರ ಬೆಳಿಗ್ಗೆ ನೋಡಿದರೆ, ನಿರೀಕ್ಷೆಯಂತೆ, ಲೊಳಲೊಳ. ನಾನು ಬಸ್ಸಿಗೆ ಚೀಲ ತುಂಬುತ್ತಿದ್ದೆ. ಬಾಗಿಲಲ್ಲಿ ಯಾರೋ ಬಳೆ ಸದ್ದು ಮಾಡಿದರು.

ಒಬ್ಬ ಎಳೆಯ ಹೆಂಗಸು, ರಂಗೋಲಿಯನ್ನು ತುಳಿಯದಂತೆ ಒಂದು ಬದಿಗೆ ನಿಂತಿದ್ದಳು. ಕೈಯಲ್ಲಿ ಖಾಲಿ ಸ್ಟೀಲ್ ಬಟ್ಟಲು. ಎದುರು ಸಾಲಿನ ಮನೆಯವಳಂತೆ, ಹೆಸರು ಸುಜಾತ, ಈ ಓಣಿಗೆ ಬಂದು ತಿಂಗಳೂ ಆಗಿಲ್ಲವಂತೆ. ಯಾರ ಬಾಗಿಲು ಬಡಿಯುವುದು ಅಂತ ಸಂಕೋಚವಿತ್ತು, ಈ ರಂಗೋಲಿ ನೋಡಿ ಧೈರ್ಯ ಬಂತು ಅಂತ ತೆಲುಗಿನಲ್ಲಿ ಹೇಳಿ, ಕೊನೆಗೆ ಕೇಳಿದಳು, ಮೊಸರಿಗೆ ಸ್ವಲ್ಪ ಹೆಪ್ಪು ಇದೆಯೇ ಅಂತ.

ಅತ್ತಿ ಗೋಡೆ ಹಿಡಿದು ಎದ್ದಳು. ಆ ಮೊಣಕಾಲು ಅಷ್ಟು ಬೇಗ ಎದ್ದದ್ದನ್ನು ನಾನು ಕಂಡದ್ದು ಆವತ್ತೇ.

"ಬಾರವ್ವ, ಒಳಗ ಬಾ! ಅದ, ಯಾಕಿಲ್ಲ? ಇನ್ನಾ ಅಸಲ್ ಆಗಿಲ್ಲ ನೋಡು, ಲೊಳಲೊಳ ಅದ. ನಿನ್ನ ಹಾಲಾಗ ಹಾಕು, ನಾಳಿಗಿ ಗಟ್ಟಿ ಆಗ್ತದ. ಆದ ಮ್ಯಾಗ ನನಗೊಂದೀಟು ತಂದು ಕೊಡು."

ಅತ್ತಿಯ ಕನ್ನಡ ಆ ಹುಡುಗಿಗೆ ಎಷ್ಟು ತಿಳಿಯಿತೋ, ನಕ್ಕಳು. ನಾನು ಆವತ್ತಿನ ಬಸ್ಸು ಬಿಟ್ಟು ಅಲ್ಲೇ ಉಳಿದೆ. ಬುಧವಾರ ಅವಳು ಅದೇ ಬಟ್ಟಲಿನಲ್ಲಿ ಚಾಕುವಿನಿಂದ ಕೊಯ್ಯಬಹುದಾದಂಥ ಮೊಸರು ತಂದಳು. ಅತ್ತಿ ಅರ್ಧ ತನ್ನ ಪಾತೇಲಿಗೆ ಸುರಿದುಕೊಂಡು, ಉಳಿದರ್ಧವನ್ನು ಬಟ್ಟಲ ಸಮೇತ ನನ್ನ ಚೀಲಕ್ಕೆ ಹಾಕಿದಳು. "ಜಹೀರಾಬಾದಾಗ ಇದೇ ಹೆಪ್ಪು ಹಾಕು. ಬಟ್ಟಲ ಆಕಿದು, ಖಾಲಿ ತರಬ್ಯಾಡ."

ಅದೇ ಈ ಬಟ್ಟಲು. ನಿನ್ನೆ ಕೊನೆಗೂ ಗಟ್ಟಿ ಮನಸ್ಸು ಮಾಡಿ ಎಳ್ಳುಂಡೆ ಕಟ್ಟಿ ಅದರಲ್ಲಿ ತುಂಬಿದೆ. ಅತ್ತಿಗೆ ಫೋನ್ ಮಾಡಿ, ಭಾನುವಾರ ಬರುತ್ತೇನೆ, ಸುಜಾತಳ ಬಟ್ಟಲು ತರುತ್ತೇನೆ ಅಂದೆ. ಆ ಕಡೆ ಒಂದೇ ಗದ್ದಲ. ಯಾರೋ ತೆಲುಗಿನಲ್ಲಿ ನಗುತ್ತಿದ್ದರು, ಇನ್ಯಾರೋ ಹಿಂಡಿಗೆ ಬೆಳ್ಳುಳ್ಳಿ ಎಷ್ಟು ಅಂತ ಕೇಳುತ್ತಿದ್ದರು.

"ಅದನ್ನ ತಾ, ಜೊತಿಗಿ ನಿಂದೂ ಒಂದು ಬಟ್ಟಲ ತೊಗೊಂಬಾ" ಅಂತ ಅತ್ತಿ ಕೂಗಿ ಹೇಳಿದಳು. "ನಮ್ಮವೆಲ್ಲಾ ಓಣ್ಯಾಗ ಹೋಗ್ಯಾವ. ನಿಮ್ಮ ಮಾಮಾಗ ಮೊಸರು ಹಾಕಾಕ ಮನ್ಯಾಗ ಒಂದೂ ಇಲ್ಲ!"